ಉಫೆಡೊಳ ಮೂಗು, ಡುರೊನ ಕೆನ್ನೆ

ಮಾಮಾ ಡುರೊ, ಅಂದರೆ ಡುರೊನ ಅಮ್ಮ, ನನ್ನ ಮಗಳನ್ನು ಸೊಸೆಯಾಗಿ ಬೇಡ ಅಂದದ್ದು ಮೂಗಿನ ಕಾರಣಕ್ಕೆ. ಓದು ಸಾಲದು, ಕೆಲಸ ಸಾಲದು, ನಡತೆ ಸರಿಯಿಲ್ಲ ಅಂದಿದ್ದರೆ ನಾನೂ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದೆ. ಮೂಗಿನ ಬಗ್ಗೆ ಏನಂತ ವಾದ ಮಾಡುವುದು? ಅದೇನು ಅವಳು ಸಂತೆಯಲ್ಲಿ ಆರಿಸಿ ತಂದದ್ದೇ?

ನನ್ನ ಮನೆಯಲ್ಲೇ ಕೂತು, ನಾನು ಮಾಡಿದ ಹೊಳೆಮೀನಿನ ಸಾರನ್ನು ಚಪ್ಪರಿಸುತ್ತಾ ಆಕೆ ನನ್ನ ಉಫೆಡೊಳನ್ನು ಮೇಲಿಂದ ಕೆಳಗೆ ನೋಡಿದಳು.

"ನೋಡಿ ಬೀಗತಿ, ಬೇಜಾರು ಮಾಡ್ಕೋಬೇಡಿ. ಇದು ಇಗಾಲಾ ಮೂಗಲ್ಲ. ಇಗಾಲಾದವರ ಮೂಗು ನಾನು ನೋಡಿಲ್ವಾ? ಈ ಎತ್ತರ, ಈ ಬಣ್ಣ, ಕಡ್ಡಿ ಇಟ್ಟಂಗೆ ನೆಟ್ಟಗಿರೋ ಈ ಮೂಗು, ಇದು ಫುಲಾನಿ, ಉತ್ತರದ ದನಗಾಹಿಗಳದ್ದು. ಹತ್ತು ಹೆಜ್ಜೆ ದೂರದಿಂದ್ಲೇ ಹೇಳ್ತೀನಿ. ನಿಮ್ಮ ಮನೇಲಿ ಯಾರೋ ಹಿಂದಿನೋರು ದನ ಕಾಯೋನ ಜೊತೆ ಹಾದಿ ತಪ್ಪಿದಾರೆ."

"ಹಾದಿ ತಪ್ಪಿದ್ದು ನೀವು, ನಮ್ಮನೆ ಬಾಗಿಲಿಗೆ ಬಂದು," ಅಂದೆ. ಆಕೆಯ ಮುಂದಿದ್ದ ಮೀನಿನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅರ್ಧ ಮೀನು ಇನ್ನೂ ಅದರಲ್ಲೇ ಇತ್ತು.

ಆಕೆಯ ಮಗ ಡುರೊ ತಲೆ ತಗ್ಗಿಸಿ ಕೂತಿದ್ದ. ನದಿಯ ಹೂಳೆತ್ತುವ ಕಂಪನಿಯಲ್ಲಿ ಎಂಜಿನಿಯರು, ಮೂವತ್ತೊಂದು ವರ್ಷ, ಮಾತು ಮೆದು. ಎಡಗೆನ್ನೆಯ ಮೇಲೆ ಮೂರು ಗೀರು, ಬೆಕ್ಕು ಪರಚಿದ ಹಾಗೆ. ನನಗೆ ಹುಡುಗ ಮೊದಲ ದಿನವೇ ಹಿಡಿಸಿದ್ದ. ಉಫೆಡೊ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳಿಗೆ ಒಬ್ಬ ಹುಡುಗ ಹಿಡಿಸುವುದು ಅಂದರೆ ಅದೇ ಒಂದು ಪವಾಡ. ಇಪ್ಪತ್ತೆಂಟು ತುಂಬಿತ್ತು, ಮೂವರನ್ನು ಬೇಡ ಅಂದಿದ್ದಳು. ಇವನ ಹೆಸರು ಹೇಳುವಾಗ ಮಾತ್ರ ಅವಳ ಮುಖದಲ್ಲಿ ಗಣಿತ ಇರುತ್ತಿರಲಿಲ್ಲ.

ನಾವು ಇಗಾಲಾ, ನದಿಯ ಆಚೆ ದಡದ ಜನ. ಅವರು ಓಕುನ್, ಕಬ್ಬಾ ಗುಡ್ಡದ ಕಡೆಯವರು. ಇಬ್ಬರೂ ಹೊಟ್ಟೆಪಾಡಿಗೆ ಲೊಕೋಜಕ್ಕೆ ಬಂದು ಮೂವತ್ತು ವರ್ಷವಾಗಿದೆ. ಇದು ಎರಡು ದೊಡ್ಡ ನದಿ ಕೂಡುವ ಊರು. ನೀರೇ ಸ್ವಲ್ಪ ದೂರ ಹೋಗುತ್ತಲೇ ಯಾವುದು ಯಾವ ನದಿಯದು ಅಂತ ಗೊತ್ತಾಗದ ಹಾಗೆ ಬೆರೆತು ಹರಿಯುತ್ತದೆ. ದಡದ ಮೇಲಿನ ಮನುಷ್ಯರು ಮಾತ್ರ ಮೂಗು ಅಳೆಯುತ್ತಾ ಕೂರುತ್ತಾರೆ.

ಮಾಮಾ ಡುರೊ ಮಾರುಕಟ್ಟೆಯಲ್ಲಿ ಬಟ್ಟೆ ಮಾರುತ್ತಾಳೆ. ಗಿರಾಕಿಯ ಮುಖ ನೋಡಿಯೇ ಯಾವ ಜನ ಅಂತ ತಿಳಿದು ಅವರ ಮಾತಲ್ಲೇ ಕರೆಯುತ್ತೇನೆ ಅನ್ನುವುದು ಆಕೆಯ ಹೆಮ್ಮೆ. ಜಗಳವಾಗಿ ವಾರದ ಮೇಲೆ, ರಾಜಿ ಮಾಡಿಕೊಂಡು ಬಾ ಅಂತ ಉಫೆಡೊ ಅತ್ತು ಕರೆದು ನನ್ನನ್ನು ಆ ಅಂಗಡಿಗೆ ಕಳಿಸಿದಳು. ಒಂದು ಗಂಟೆ ಆಕೆಯ ವಿದ್ಯೆ ನೋಡಿದೆ. ಎತ್ತರದ ಒಬ್ಬ ಗಂಡಸನ್ನು ಹೌಸಾ ಮಾತಲ್ಲಿ ಕರೆದಳು. ಅವನು ಎಬಿರಾ ಮಾತಲ್ಲಿ ಉತ್ತರ ಕೊಟ್ಟ. ಬಿಳುಚು ಬಣ್ಣದ ಹೆಂಗಸನ್ನು ಇಗ್ಬೋದವಳು ಅಂದುಕೊಂಡಳು; ಅವಳು ಪಕ್ಕಾ ನೂಪೆ. ಕೊನೆಗೆ ಒಬ್ಬ ಗಿಡ್ಡ ಮುದುಕನನ್ನು ತೋರಿಸಿ, "ಅಗೋ ನಿಮ್ಮೋನು, ಇಗಾಲಾ, ಹಣೆ ನೋಡಿ," ಅಂದಳು. ಮುದುಕ ಆಕೆಯ ಹುಟ್ಟೂರು ಕಬ್ಬಾದವನು, ಆಕೆಯ ಸೋದರಮಾವನ ಗೆಳೆಯ.

"ಮೂರಕ್ಕೆ ಮೂರೂ ತಪ್ಪಾಯ್ತಲ್ಲ," ಅಂದೆ.

"ತಪ್ಪೆಲ್ಲಿ? ಆ ಎತ್ತರದೋನ ಅಜ್ಜಿ ಯಾರೋ ಹೌಸಾ ಇದ್ದಿರಬೇಕು. ಮುಖ ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ."

ಇಂಥವರ ಜೊತೆ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಗೋಡೆ ಕಡೇಪಕ್ಷ ತಿರುಗಿ ಮಾತಾಡುವುದಿಲ್ಲ.

ಮೂರ್ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಪರಿಹಾರ ತಂದವನು ಡುರೊ. ವಿದೇಶದಲ್ಲಿದ್ದ ಅವನ ದಾಯಾದಿಯೊಬ್ಬ ಎರಡು ಡಬ್ಬಿ ಕಳಿಸಿಕೊಟ್ಟ. ಅದರೊಳಗೆ ಉಗುಳಿ ವಾಪಸ್ ಕಳಿಸಿದರೆ ನಿಮ್ಮ ಹಿಂದಿನವರು ಯಾವ ಯಾವ ಕಡೆಯವರು ಅಂತ ಲೆಕ್ಕ ಹಾಕಿ ಹೇಳುತ್ತಾರಂತೆ. ನಾನು ಇಪ್ಪತ್ನಾಲ್ಕು ವರ್ಷದಿಂದ ರಕ್ತ ನೋಡುತ್ತಾ ಬಂದವಳು. ದೊಡ್ಡಾಸ್ಪತ್ರೆಯ ಗೇಟಿನೆದುರು ನನ್ನದೇ ಒಂದು ಪುಟ್ಟ ಲ್ಯಾಬು ಇದೆ. ಮನುಷ್ಯರನ್ನು ಉಗುಳಿಂದ ಅಳೆಯುವುದು ನನಗೆ ಅಸಹ್ಯವೇ. ಆದರೂ, ಆಕೆಯ ಬಾಯಿ ಮುಚ್ಚಿಸುವ ವಸ್ತು ಆಕೆಯ ಬಾಯಿಂದಲೇ ಬರಲಿ ಅಂತ ಒಪ್ಪಿದೆ.

"ನಂದೂ ಕಳಿಸ್ತೀನಿ," ಅಂದಳು ಮಾಮಾ ಡುರೊ. "ಶುದ್ಧ ಅಂದ್ರೆ ಹೆಂಗಿರುತ್ತೆ ಅಂತ ಅವರಿಗೂ ಗೊತ್ತಾಗ್ಲಿ."

ಎರಡು ತಿಂಗಳ ಮೇಲೆ ಫಲಿತಾಂಶ ಡುರೊನ ಫೋನಿಗೆ ಬಂತು. ನಮ್ಮ ಮನೆಯಲ್ಲೇ ಎಲ್ಲರೂ ಸೇರಿದ್ದೆವು. ಅವನು ಓದುವಾಗ ನಗು ತಡೆಯಲಾರದೆ ಎರಡು ಸಲ ಕೆಮ್ಮಿದ. ಅವನ ತಾಯಿಯದೂ ಉಫೆಡೊಳದೂ ಹೆಚ್ಚು ಕಡಿಮೆ ಒಂದೇ ಥರ, ಅಕ್ಕತಂಗಿಯರ ಹಾಗೆ. ಉತ್ತರದ ದನಗಾಹಿ ಜನರ ಪಾಲು ನನ್ನ ಮಗಳಲ್ಲಿ ನೂರಕ್ಕೆ ಮೂರು. ಮಾಮಾ ಡುರೊಳಲ್ಲಿ ಏಳು.

ನಾನು ನಗಲಿಲ್ಲ. ಬಹಳ ಕಷ್ಟಪಟ್ಟು ನಗಲಿಲ್ಲ.

ಆಕೆ ತಲೆಗೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಂಡು, "ನಮ್ಮಜ್ಜಿ ಯಾವಾಗ್ಲೂ ಹೇಳ್ತಿದ್ಲು, ಅವಳ ತಾಯಿ ಆ ಕಡೆ ರಾಜನ ಮಗಳು ಅಂತ. ನಾನೇ ನಂಬಿರಲಿಲ್ಲ," ಅಂದಳು. ಉಫೆಡೊಳನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಅದಕ್ಕೇ ನೋಡು, ಮೊದಲ ದಿನವೇ ನಿನ್ನ ಮೂಗು ನನ್ನ ಕಣ್ಣಿಗೆ ಬಿತ್ತು. ರಕ್ತ ರಕ್ತಾನ ಗುರುತು ಹಿಡಿಯುತ್ತೆ."

ಆರು ತಿಂಗಳು ನನ್ನ ನಿದ್ದೆ ಕೆಡಿಸಿದ ಮೂಗು ಐದು ನಿಮಿಷದಲ್ಲಿ ರಾಜವಂಶಕ್ಕೆ ಸೇರಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹೋಗಲಿ, ಮದುವೆಯಾದರೆ ಸಾಕು ಅಂದುಕೊಂಡು ನಾನೂ ಸುಮ್ಮನಾದೆ.

ಮುಂದಿನ ಶನಿವಾರ ಮದುವೆಯ ಬಟ್ಟೆ ಆರಿಸಲು ಆಕೆಯ ಅಂಗಡಿಗೆ ಹೋದೆವು. ನಮ್ಮಲ್ಲಿ ಎರಡೂ ಕಡೆಯ ನೆಂಟರು ಒಂದೊಂದು ಬಣ್ಣದ ಒಂದೇ ಬಟ್ಟೆ ಹೊಲಿಸಿಕೊಳ್ಳಬೇಕು. ಅವರಿಗೆ ನೀಲಿ, ನಮಗೆ ಹಳದಿ ಅಂತಾಯಿತು. ಉಫೆಡೊ ಹಳದಿ ಥಾನನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಡುರೊ ಹಿಂದೆ ನಿಂತು ಅದರ ಅಂಚು ಹಿಡಿದಿದ್ದ. ನನ್ನ ಕಣ್ಣು ತುಂಬಿತು ಅಂತ ಹೇಳಲು ನಾಚಿಕೆಯೇನೂ ಇಲ್ಲ.

ಮಾಮಾ ಡುರೊಗೆ ಮಾತಿನ ಚಟ. "ಉಗುಳು ಗಿಗುಳು ಏನೇ ಹೇಳ್ಲಿ ಬೀಗತಿ, ಗುರುತು ಅಂದ್ರೆ ಮುಖದ ಮೇಲಿರಬೇಕು. ನನ್ನ ಮಗನ ಕೆನ್ನೆ ನೋಡಿ. ಅದು ನಮ್ಮ ಜನರ ಗುರುತು. ಹತ್ತು ಹೆಜ್ಜೆ ದೂರದಿಂದ ಯಾರು ಬೇಕಾದ್ರೂ ಹೇಳ್ತಾರೆ, ಇವನು ಓಕುನ್ ಅಂತ."

ನಾನು ನೋಡಿದೆ. ಆರು ತಿಂಗಳಿಂದ ನೋಡುತ್ತಿದ್ದ ಕೆನ್ನೆಯೇ. ಮೂರು ಗೀರು, ಎಡಗಡೆ ಮಾತ್ರ, ಗಿಡ್ಡ. ಜನರ ಗುರುತಾಗಿದ್ದರೆ ಎರಡೂ ಕೆನ್ನೆಗೆ ಸಮನಾಗಿ ಹಾಕುತ್ತಾರೆ, ನೀಟಾಗಿ. ಇದು ಅವಸರದಲ್ಲಿ ಎಳೆದ ಹಾಗಿತ್ತು. ಮಾಮಾ ಡುರೊಳ ಮುಖದ ಮೇಲೆ ಒಂದು ಗೆರೆಯೂ ಇರಲಿಲ್ಲ.

"ನಿಮಗೇ ಇಲ್ವಲ್ಲ?" ಅಂದೆ. "ಇವನ ತಂಗಿಗೂ ಇಲ್ಲ. ಇವನೊಬ್ಬನಿಗೆ ಯಾಕೆ, ಅದೂ ಒಂದೇ ಕಡೆ?"

ಆಕೆ ಕೈಯಲ್ಲಿದ್ದ ಅಳತೆ ಟೇಪನ್ನು ಸುರುಳಿ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

"ಅದು ಹಳೇ ಕಥೆ. ಇವನಿಗಿಂತ ಮುಂಚೆ ಎರಡು ಹೋಗಿದ್ವು. ಮೊದಲನೇದಕ್ಕೆ ನಾಲ್ಕು ವರ್ಷ, ಎರಡನೇದಕ್ಕೆ ಎರಡು. ಒಂದೇ ಮಗು ಹೋಗಿ ಹೋಗಿ ಬರ್ತಾ ಇದೆ, ತಾಯಿ ಹೊಟ್ಟೆ ಉರಿಸೋದೇ ಅದರ ಆಟ ಅಂದ್ರು ಊರಲ್ಲಿ. ಮೂರನೇ ಸಲ ಬಂದಾಗ ಮುಖಕ್ಕೆ ಗೀರು ಹಾಕ್ಸಿ, ಅದರ ಆಚೆ ಲೋಕದ ಗೆಳೆಯರಿಗೆ ಗುರುತು ಸಿಗಬಾರದು ಅಂದ್ರು. ಹಾಕಿಸ್ದೆ. ಉಳೀತು. ಡುರೊ ಅಂತ ಹೆಸರೂ ಅದಕ್ಕೇ ಇಟ್ಟಿದ್ದು. ಇರು, ಹೋಗಬೇಡ ಅಂತ."

ಅಂಗಡಿಯೊಳಗೆ ಲೊಕೋಜದ ಮಧ್ಯಾಹ್ನದ ಧಗೆ ತುಂಬಿತ್ತು. ನಾನು ಆರಿಸುತ್ತಿದ್ದ ಬಟ್ಟೆ ಕೆಳಗಿಟ್ಟೆ.

"ಕೈ ಕಾಲು ಊದ್ತಿತ್ತಾ ಅವಕ್ಕೆ? ಬೆರಳು?"

"ಊದ್ತಿತ್ತು. ಮುಟ್ಟಿದ್ರೆ ಚೀರ್ತಿದ್ವು."

"ಕಣ್ಣು ಹಳದಿ ಆಗ್ತಿತ್ತಾ?"

"ನಿಮಗೆ ಹೆಂಗೆ ಗೊತ್ತು?"

ಹೇಗೆ ಗೊತ್ತು! ಅದನ್ನು ತಿಳಿಯುವುದೇ ನನ್ನ ಕಸುಬು. ನಮ್ಮ ದೇಶದಲ್ಲಿ ಸಿಕಲ್ ಕಾಯಿಲೆ, ರಕ್ತಕಣ ಕುಡುಗೋಲಿನ ಹಾಗೆ ಬಾಗಿಹೋಗುವ ಕಾಯಿಲೆ, ಯಾವ ಜನ, ಯಾವ ಮೂಗು ಅಂತ ಕೇಳುವುದಿಲ್ಲ. ಅದಕ್ಕೇ ಮದುವೆಗೆ ಮುಂಚೆ ರಕ್ತದ ಜೀನೋಟೈಪ್ ನೋಡಿಸಬೇಕು. ಎಎ ಆದರೆ ನಿಶ್ಚಿಂತೆ. ಎಎಸ್ ಆದರೂ, ಅಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಕಾಯಿಲೆಯ ಎಸ್ ಬಂದಿದ್ದರೂ, ಅವರಿಗೆ ಏನೂ ಆಗುವುದಿಲ್ಲ. ಆದರೆ ಎಎಸ್ ಎಎಸ್‌ನ್ನೇ ಮದುವೆಯಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ, ಆ ಕಾಯಿಲೆಯ ಮಗು ಹುಟ್ಟಬಹುದು. ಮೂಳೆ ಮೂಳೆಯಲ್ಲೂ ನೋವು. ಎಷ್ಟೋ ಮಕ್ಕಳು ಶಾಲೆಯ ಬಾಗಿಲು ನೋಡುವುದಿಲ್ಲ. ನಮ್ಮ ಚರ್ಚಿನಲ್ಲಿ ಮದುವೆಯಾಗುವ ಪ್ರತಿ ಜೋಡಿಯ ಬೆರಳು ಚುಚ್ಚಿ ಸಹಿ ಹಾಕುವವಳು ನಾನೇ. ನನ್ನ ಸಹಿಯಿಂದ ಎಷ್ಟು ಮದುವೆ ಮುರಿದಿವೆಯೋ, ಎಷ್ಟು ತಾಯಂದಿರು ನನಗೆ ಶಾಪ ಹಾಕಿದ್ದಾರೋ.

ಉಫೆಡೊ ಎಎಸ್, ನನ್ನ ಹಾಗೆ. ಅವಳ ಅಪ್ಪ ಎಎ. ಆಗ ನಾನಿನ್ನೂ ಈ ವಿದ್ಯೆ ಓದುತ್ತಿದ್ದೆ, ಅದನ್ನು ನೋಡಿಕೊಂಡೇ ಅವನನ್ನು ಕಟ್ಟಿಕೊಂಡದ್ದು. ಡುರೊ ಮೊದಲ ವಾರವೇ ಕಾಲೇಜಿನ ಆರೋಗ್ಯ ಕಾರ್ಡು ತಂದು ತೋರಿಸಿದ್ದ. ಎಎ ಅಂತ ಬರೆದಿತ್ತು. ಬೇರೆ ಯಾರ ಮಗನೇ ಆಗಿದ್ದರೂ ಆ ಕಾರ್ಡನ್ನು ಮುಖಕ್ಕೆ ಎಸೆದು, "ಬೆರಳು ಕೊಡು," ಅನ್ನುತ್ತಿದ್ದೆ. ಅವತ್ತು ನಾನು ಮೂಗಿನ ಜಗಳದಲ್ಲಿ ಮುಳುಗಿದ್ದೆ. ಕಾರ್ಡು ನೋಡಿದೆ, ಸರಿ ಅಂದೆ, ಆಕೆಯನ್ನು ಹೇಗೆ ಸೋಲಿಸಬೇಕು ಅಂತ ಯೋಚಿಸುವುದಕ್ಕೆ ವಾಪಸ್ ಹೋದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು.

"ಡುರೊ," ಅಂದೆ. "ಆ ಕಾರ್ಡು. ಕಾಲೇಜಲ್ಲಿ ನಿನ್ನ ರಕ್ತ ತಗೊಂಡಿದ್ರಾ?"

ಅವನು ನೆನಪಿಸಿಕೊಂಡ. "ಇಲ್ಲಮ್ಮ. ಅವತ್ತು ಸಾವಿರ ಜನ ಸಾಲಲ್ಲಿ ನಿಂತಿದ್ವಿ. ಗುಮಾಸ್ತ ಕೇಳ್ದ, ನಿಂಗೇನಾದ್ರೂ ಕಾಯಿಲೆ ಇದ್ಯಾ ಅಂತ. ಇಲ್ಲ ಅಂದೆ. ಹಾಗಾದ್ರೆ ಎಎ ಅಂತ ಬರ್ಕೊಟ್ಟ. ಎಲ್ರಿಗೂ ಹಂಗೇ ಬರ್ಕೊಟ್ಟ."

ಸೋಮವಾರ ಬೆಳಗ್ಗೆ ಇಬ್ಬರೂ ಲ್ಯಾಬಿಗೆ ಬಂದರು. ಬೆರಳು ಚಾಚುವಾಗ ಡುರೊ ತಮಾಷೆ ಮಾಡಿದ: "ನನ್ನಲ್ಲಿ ಎಷ್ಟು ಪಾಲು ಫುಲಾನಿ ಅಂತ ಅದರಲ್ಲೂ ಗೊತ್ತಾಗುತ್ತಾ ಅಮ್ಮ?" ನಾನು ಸೂಜಿ ಚುಚ್ಚಿದೆ.

ಒಂದು ಬಿಳಿ ಪಟ್ಟಿಯ ಮೇಲೆ ರಕ್ತದ ಚುಕ್ಕೆ ಇಟ್ಟು ಕರೆಂಟು ಹರಿಸಬೇಕು. ಎ ಮುಂದೆ ಓಡುತ್ತದೆ, ಎಸ್ ಹಿಂದೆ ಕುಂಟುತ್ತದೆ. ಎರಡೂ ಇದ್ದರೆ ಎರಡು ಗೆರೆ, ಅಂದರೆ ಎಎಸ್. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ಜನರೇಟರ್ ಹಚ್ಚಿ ಮೊದಲಿಂದ ಮಾಡಿದೆ. ಎರಡು ಗೆರೆ. ಪಟ್ಟಿ ಬದಲಿಸಿದೆ. ಎರಡು ಗೆರೆ. ಮೂರನೆಯ ಸಲ ಹೊಸದಾಗಿ ಬೆರಳು ಚುಚ್ಚಿದೆ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಲೆಕ್ಕ ತಪ್ಪಾಗಿರಲಿ ಅಂತ ದೇವರಿಗೆ ಹರಕೆ ಹೊತ್ತೆ. ಎರಡು ಗೆರೆ.

ಉಫೆಡೊ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು. ನನ್ನ ಮಗಳು, ಅವಳಿಗೆ ಓದಿ ಹೇಳಬೇಕಾಗಿರಲಿಲ್ಲ.

"ಮೊದಲ ವಾರವೇ ಯಾಕೆ ನೋಡ್ಲಿಲ್ಲಮ್ಮ?" ಅಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಮೊದಲ ವಾರ ಆಗಿದ್ರೆ ನಂಗೆ ಇಷ್ಟು ಕಷ್ಟ ಆಗ್ತಿರಲಿಲ್ಲ."

ನಿನ್ನ ಮೂಗಿನ ಮಾನ ಕಾಯುತ್ತಿದ್ದೆ ಮಗಳೇ ಅಂತ ಹೇಳಲೇ?

ಮಾರನೆಯ ದಿನ ಹತ್ತು ಗಂಟೆಗೆ ಮಾಮಾ ಡುರೊ ಬಂದಳು. ಹಿಂದೆಯೇ ಡುರೊ. ಉಫೆಡೊ ಶಾಲೆಗೆ ರಜೆ ಹಾಕಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಆಕೆ ಅವಳ ಕಡೆ ನೋಡದೆ ನೇರ ಒಳಗೆ ನುಗ್ಗಿದಳು.

"ಸೇಡು ತೀರಿಸ್ಕೊಳ್ತಿದ್ದೀಯಾ? ನಿನ್ನ ಮಗಳ ಮೂಗಿಗೆ ಒಂದು ಮಾತಂದೆ ಅಂತ ನನ್ನ ಮಗನ ರಕ್ತಕ್ಕೆ ಮಸಿ ಬಳೀತಿದ್ದೀಯಾ? ನೆಂಟರಿಗೆಲ್ಲ ಹೇಳಾಗಿದೆ, ನೀಲಿ ಬಟ್ಟೆ ಹೊಲಿಯೋಕೆ ಕೊಟ್ಟಾಗಿದೆ. ಅವನು ಮೂವತ್ತೊಂದು ವರ್ಷ ಕಲ್ಲುಗುಂಡಿನ ಹಾಗಿದ್ದಾನೆ. ಅವನಿಗೇನು ರೋಗ?"

"ಅವನಿಗೆ ಏನೂ ಇಲ್ಲ. ಹುಟ್ಟೋ ಮಕ್ಕಳಿಗೆ..."

"ನೀನು ಬರೆದ ಕಾಗದ ನಾನ್ಯಾಕೆ ನಂಬ್ಲಿ?"

"ನಂಬಬೇಡ. ಬೆರಳು ಕೊಡು."

ಆಕೆ ದಿಟ್ಟಿಸಿದಳು. ಬಿಡುವ ಪೈಕಿಯಲ್ಲ. ಬೆರಳು ಚಾಚಿದಳು. ಆಕೆಯ ರಕ್ತ, ಡುರೊನ ರಕ್ತ, ಉಫೆಡೊಳ ರಕ್ತ, ಮೂರನ್ನೂ ಒಂದೇ ಪಟ್ಟಿಯ ಮೇಲೆ ಸಾಲಾಗಿ ಇಟ್ಟೆ. ಅವತ್ತು ಕರೆಂಟು ಹೋಗಲಿಲ್ಲ. ಬಣ್ಣ ಹಾಕಿ, ತೊಳೆದು, ಬೆಳಕಿಗೆ ಹಿಡಿದೆ. ಮೂರು ಜಾಗದಲ್ಲೂ ಎರಡೆರಡು ಗೆರೆ, ಅಚ್ಚು ಹೊಡೆದ ಹಾಗೆ ಒಂದೇ ಥರ.

"ಇದರಲ್ಲಿ ನನ್ನ ಮಗಂದು ಯಾವುದು?" ಅಂತ ಕೇಳಿದಳು.

"ನೀವೇ ಹೇಳಿ. ಹತ್ತು ಹೆಜ್ಜೆ ದೂರದಿಂದ ಬೇಡ, ಹತ್ತಿರ ಬಂದೇ ನೋಡಿ."

ಹಾಗೆ ಅನ್ನಬಾರದಿತ್ತು. ಆರು ತಿಂಗಳ ಸಿಟ್ಟು ನಾಲಿಗೆಯ ತುದಿಯಲ್ಲಿ ಕಾದು ಕೂತಿತ್ತು, ಹೊರಗೆ ಬಂದುಬಿಟ್ಟಿತು. ಆಕೆ ಕನ್ನಡಕ ಹಾಕಿಕೊಂಡಳು. ಬಗ್ಗಿದಳು. ಒಂದು ಚುಕ್ಕೆ ನೋಡಿದಳು, ಇನ್ನೊಂದು ನೋಡಿದಳು, ಮತ್ತೆ ಮೊದಲನೆಯದಕ್ಕೆ ಬಂದಳು. ಬೆರಳು ಗಾಳಿಯಲ್ಲೇ ನಿಂತಿತು, ಯಾವುದರ ಮೇಲೂ ಇಳಿಯಲಿಲ್ಲ.

ಕೊನೆಗೆ ಸ್ಟೂಲಿನ ಮೇಲೆ ಕೂತಳು. "ನನ್ನಲ್ಲೂ ಇದೆ."

"ಹೂಂ."

"ಅವರಪ್ಪನಲ್ಲೂ ಇತ್ತು."

"ಇದ್ದಿರಲೇಬೇಕು."

"ಹಾಗಾದ್ರೆ ಆ ಎರಡು... ಹೋಗಿ ಬರೋ ಮಗು ಅಲ್ವಾ ಅವು?"

"ಅಲ್ಲ. ಎರಡು ಬೇರೆ ಬೇರೆ ಮಕ್ಕಳು. ಕಾಯಿಲೆ ಮಕ್ಕಳು."

ಆಕೆ ಕನ್ನಡಕ ತೆಗೆದು ಮಡಿಚಿದಳು. ಆಮೇಲೆ, ನನಗಲ್ಲ, ಮೇಜಿನ ಮೇಲಿದ್ದ ಪಟ್ಟಿಗೆ ಹೇಳುವ ಹಾಗೆ ಹೇಳಿದಳು: "ಎರಡನೇದು ಹೋದಾಗ ಅಳಬೇಡ ಅಂದ್ರು. ಅತ್ತರೆ ಅದಕ್ಕೆ ಖುಷಿ ಆಗುತ್ತೆ, ಮತ್ತೆ ಬಂದು ಮೋಸ ಮಾಡುತ್ತೆ ಅಂದ್ರು. ನಾನು ಒಂದು ಹನಿ ಅಳಲಿಲ್ಲ. ಬೈದೆ. ಅದು ನರಳುವಾಗಲೂ ಬೈದೆ. ಸಾಕು ನಿನ್ನ ನಾಟಕ, ಹೋಗೋದಾದ್ರೆ ಹೋಗು ಅಂದೆ." ತಲೆ ಎತ್ತಿದಳು. "ಅದಕ್ಕೆ ನಿಜವಾಗಿ ನೋಯ್ತಿತ್ತಾ?"

ಸಮಾಧಾನದ ಮಾತು ನನಗೂ ಬರುತ್ತದೆ. ಆದರೆ ಆ ಮಗುವಿಗೆ ಮೂವತ್ತೆರಡು ವರ್ಷ ಯಾರೂ ನ್ಯಾಯ ಹೇಳಿರಲಿಲ್ಲ.

"ನೋಯ್ತಿತ್ತು," ಅಂದೆ. "ತುಂಬ ನೋಯ್ತಿತ್ತು."

ಮಾಮಾ ಡುರೊ ಅತ್ತಳು. ಬಾಯಿಗೆ ಬಟ್ಟೆ ಒತ್ತಿಕೊಂಡು, ಎರಡು ವರ್ಷದ ಒಂದು ಮಗುವಿಗಾಗಿ ಅತ್ತಳು. ಬಾಗಿಲಲ್ಲಿ ನಿಂತ ಡುರೊ ಎಡಗೆನ್ನೆ ಮುಟ್ಟಿಕೊಂಡು ಹೊರಗೆ ಹೋದ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಎದ್ದು ಮುಖ ಒರೆಸಿಕೊಂಡು ಹೊರಗೆ ನಡೆದಳು. ನಾನೂ ಹಿಂದೆ ಹೋದೆ. ಬೆಂಚಿನ ಒಂದು ತುದಿಯಲ್ಲಿ ಉಫೆಡೊ, ಇನ್ನೊಂದು ತುದಿಯಲ್ಲಿ ಡುರೊ. ನಡುವೆ ಇಬ್ಬರು ಕೂರುವಷ್ಟು ಜಾಗ. ಅವರು ಆಗಲೇ ಮಾತಾಡಿ ಮುಗಿಸಿದ್ದರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮಾಮಾ ಡುರೊ ನನ್ನ ಮಗಳ ಮುಂದೆ ಮಂಡಿಯೂರಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಹೆಬ್ಬೆರಳಿಂದ ಆ ನೆಟ್ಟಗಿನ ಮೂಗನ್ನು ಒಮ್ಮೆ ಸವರಿದಳು.

"ಬೇಡ ಮಗಳೇ," ಅಂದಳು. "ನಾನು ಪಟ್ಟದ್ದು ನೀನು ಪಡಬೇಡ."

ಉಫೆಡೊ ಹೂಂ ಅಂತ ತಲೆಯಾಡಿಸಿದಳು. ಆಮೇಲೆ ಆ ಹೆಂಗಸಿನ ಹೆಗಲಿಗೆ ಹಣೆ ಒತ್ತಿಟ್ಟಳು.

ಇದೇ ಬಾಯಿ ಮೊದಲ ಸಲ ಬೇಡ ಅಂದಾಗ ನಾನು ಆಕೆಯ ಮುಂದಿದ್ದ ಮೀನಿನ ತಟ್ಟೆ ಎತ್ತಿಕೊಂಡು ಹೋಗಿದ್ದೆ. ಈ ಸಲ ಒಳಗೆ ಹೋಗಿ ಆಕೆಗೆ ಒಂದು ಲೋಟ ನೀರು ತಂದೆ.